ಮಂಡಿ ಕೀಲು ಬದಲಾಯಿಸಿದ ನಾಲ್ಕೇ ದಿನಕ್ಕೆ ಮನೆಗೆ ಹೋಗಬಹುದೇ?

ಪ್ರಶ್ನೆ: ತಂದೆ ನಿವೃತ್ತ ಸುಬೇದಾರ್, ವಯಸ್ಸು 71, ಇರುವುದು ಕೊಡಗಿನಲ್ಲಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ರೆಫರಲ್ ಮೇಲೆ ಮೈಸೂರಿನಲ್ಲಿ ಮಂಡಿ ಕೀಲು ಬದಲಿಸುವ ಆಪರೇಷನ್ ಆಗಲಿದೆ. ನಾಲ್ಕನೇ ದಿನವೇ ಡಿಸ್ಚಾರ್ಜ್ ಅಂತಾರೆ. ಇನ್ನೊಂದು ವಾರ ಅಲ್ಲೇ ಇದ್ದರೆ ಒಳ್ಳೆಯದಲ್ಲವೇ?

ಉತ್ತರ: ದಿನ ಎಣಿಸಬೇಡಿ, ಅವರಿಂದ ಏನೇನು ಆಗುತ್ತಿದೆ ನೋಡಿ. ವಾಕರ್ ಹಿಡಿದು ತಾವೇ ಶೌಚಕ್ಕೆ ಹೋಗಿಬರಬೇಕು, ನಾಲ್ಕೈದು ಮೆಟ್ಟಿಲು ಹತ್ತಿಳಿಯಬೇಕು, ನೋವು ಮಾತ್ರೆಗೇ ಹತೋಟಿಗೆ ಬರಬೇಕು, ಗಾಯದಿಂದ ಏನೂ ಸೋರುತ್ತಿರಬಾರದು. ಇಷ್ಟಾದರೆ ಮನೆಯೇ ವಾಸಿ. ಕಾರಣವಿಲ್ಲದೆ ಹಾಸಿಗೆಯಲ್ಲೇ ಉಳಿದಷ್ಟೂ ತೊಡೆಯ ಸ್ನಾಯು ಸೊರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಹೆಚ್ಚು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಹೃದಯದ ತೊಂದರೆಯಿದ್ದರೆ ಅಥವಾ ಮನೆಯಲ್ಲಿ ಒಬ್ಬರೇ ಇದ್ದರೆ ಮಾತ್ರ ಇನ್ನೂ ಕೆಲವು ದಿನ ಇರಲು ಕೇಳಿಕೊಳ್ಳಿ.

ಸೈನ್ಯದಲ್ಲಿದ್ದವರು ಎಡವುವುದು ಬೇರೆ ಕಡೆ. ನೋವು ನುಂಗಿ ಅಭ್ಯಾಸವಾದವರು ಮಾತ್ರೆ ಬೇಡ ಅನ್ನುತ್ತಾರೆ. ನೋವಿಗೆ ಮಂಡಿ ಬಾಗುವುದಿಲ್ಲ, ಬಾಗದ ಮಂಡಿ ಒಳಗೇ ಬಿಗಿಯುತ್ತದೆ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ಕೊಡಿ. ಇನ್ನು ಕೆಲವರು ಪಿ.ಟಿ. ಪರೇಡಿನ ಹುಮ್ಮಸ್ಸಿನಲ್ಲಿ ಮೊದಲ ವಾರವೇ ಕಿಲೋಮೀಟರ್‌ಗಟ್ಟಲೆ ನಡೆದು ಮಂಡಿ ಊದಿಸಿಕೊಳ್ಳುತ್ತಾರೆ. ಐದು, ಹತ್ತು ನಿಮಿಷದಂತೆ ದಿನಕ್ಕೆ ನಾಲ್ಕೈದು ಬಾರಿ ನಡೆದರೆ ಸಾಕು. ಸಂಜೆ ಊತ ಹೆಚ್ಚಿದ್ದರೆ ಮರುದಿನ ನಡಿಗೆ ಕಡಿಮೆ ಮಾಡಿ, ಬಟ್ಟೆ ಸುತ್ತಿದ ಐಸ್ 15 ನಿಮಿಷ ಇಡಿ.

ಮಂಡಿ ಅಡಿಗೆ ಮಾತ್ರ ದಿಂಬು ಇಡಲೇಬೇಡಿ. ಹಾಯೆನಿಸುತ್ತದೆ ನಿಜ, ಆದರೆ ಕಾಲು ಬಾಗಿದಲ್ಲೇ ನಿಂತು ಮುಂದೆ ಕುಂಟು ಉಳಿಯುತ್ತದೆ. ದಿಂಬು ಹಿಮ್ಮಡಿ ಕೆಳಗಿರಲಿ, ಆಗ ಮಂಡಿ ತನ್ನ ಭಾರಕ್ಕೇ ನೆಟ್ಟಗಾಗುತ್ತದೆ. ಎರಡು ವಾರಕ್ಕೆ, ಹೊಲಿಗೆ ಬಿಚ್ಚುವ ಹೊತ್ತಿಗೆ, ಮಂಡಿ ಸುಮಾರು 90 ಡಿಗ್ರಿ ಬಾಗುತ್ತಿರಬೇಕು. ಆರು ವಾರವಾದರೂ ಅಷ್ಟು ಬಾಗದಿದ್ದರೆ ಸರ್ಜನ್‌ಗೆ ತೋರಿಸಿ. ಅರಿವಳಿಕೆ ಕೊಟ್ಟು ಬಾಗಿಸುವ ಅವಕಾಶ ಮೊದಲ ಮೂರು ತಿಂಗಳೊಳಗೆ ಚೆನ್ನಾಗಿರುತ್ತದೆ.

ಕೊಡಗಿನ ಮನೆಗಳಿಗೆ ಮೆಟ್ಟಿಲು ಜಾಸ್ತಿ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕಮೋಡ್ ಕುರ್ಚಿ ಆಪರೇಷನ್‌ಗೆ ಮುಂಚೆಯೇ ಮನೆಗೆ ಬಂದಿರಲಿ. ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಯಾವ ದಿನ ಸಿಗುತ್ತಾರೆ ಎಂಬುದನ್ನೂ ಮೊದಲೇ ಕೇಳಿಡಿ. ರಕ್ತ ತೆಳುವಾಗಿಸುವ ಮಾತ್ರೆ ಎಷ್ಟು ದಿನ ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಬರೆಸಿಕೊಳ್ಳದೆ ಹೊರಡಬೇಡಿ.

ಮೀನಖಂಡದಲ್ಲಿ ನೋವು, ಊತ, ಗಾಯದಿಂದ ಸೋರಿಕೆ ಅಥವಾ ಚಳಿಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ ಹತ್ತಿರದ ಆಸ್ಪತ್ರೆ ಯಾವುದಾದರೂ ಸರಿ, ಅಲ್ಲಿಗೆ ಓಡಿ. ಅದು ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲದಿದ್ದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ.