ಬಣ್ಣ ಹತ್ತದ ಕೋಶಕೇಂದ್ರ: ಆಫ್ರಿಕನ್ ಮೂಲದವರ ಕಿಡ್ನಿ ಕ್ಯಾನ್ಸರಿನ ಹಿನ್ನೆಲೆ

ಮೂತ್ರಪಿಂಡದ ಕ್ಯಾನ್ಸರ್ ಒಂದೇ ರೋಗವಲ್ಲ ಎಂಬ ತಿಳಿವಳಿಕೆ ವೈದ್ಯಶಾಸ್ತ್ರದಲ್ಲಿ ನೆಲೆಗೊಳ್ಳಲು ನೂರು ವರ್ಷಗಳೇ ಹಿಡಿದವು. 1883ರಲ್ಲಿ ಜರ್ಮನಿಯ ಪೌಲ್ ಗ್ರಾವಿಟ್ಸ್ ಈ ಗಡ್ಡೆಯ ಕೊಬ್ಬು ತುಂಬಿದ ಕೋಶಗಳನ್ನು ನೋಡಿ, ಅವು ಕಿಡ್ನಿಯೊಳಗೆ ಸಿಕ್ಕಿಕೊಂಡ ಅಡ್ರಿನಲ್ ಗ್ರಂಥಿಯ ಚೂರುಗಳಿಂದ ಬೆಳೆದಿವೆ ಎಂದು ಭಾವಿಸಿದರು. ಆ ತಪ್ಪು ಗ್ರಹಿಕೆಯ ಗುರುತಾದ 'ಹೈಪರ್‌ನೆಫ್ರೋಮಾ' ಎಂಬ ಹೆಸರು ದಶಕಗಳ ಕಾಲ ಬಳಕೆಯಲ್ಲಿತ್ತು. ಕೋಶಗಳ ಸ್ವರೂಪವನ್ನು ಆಧರಿಸಿದ ಆಧುನಿಕ ವಿಂಗಡಣೆ ಬಂದದ್ದು 1986ರಲ್ಲಿ, ಮೈಂಜ್ ನಗರದಿಂದ. 1997ರ ಹೈಡೆಲ್‌ಬರ್ಗ್ ವಿಂಗಡಣೆ ಅದಕ್ಕೆ ವಂಶವಾಹಿಗಳ ಆಧಾರ ಒದಗಿಸಿತು.

ಕ್ಲಿಯರ್ ಸೆಲ್, ಪ್ಯಾಪಿಲರಿ, ಕ್ರೋಮೋಫೋಬ್ ಇವು ಮುಖ್ಯ ಉಪವಿಧಗಳು. ಸ್ಲೈಡ್ ತಯಾರಿಸುವಾಗ ಆಲ್ಕೋಹಾಲ್ ಮತ್ತು ಕ್ಸೈಲೀನ್‌ನಲ್ಲಿ ಕೊಬ್ಬು ಕರಗಿಹೋಗಿ ಕೋಶಗಳು ಬರಿದಾಗಿ ಕಾಣುವುದರಿಂದಲೇ ಮೊದಲನೆಯದಕ್ಕೆ ಆ ಹೆಸರು. ಅದರಲ್ಲಿ ಸಿಎ-9 ಎಂಬ ಸ್ಟೇನ್ (ನಿರ್ದಿಷ್ಟ ಪ್ರೋಟೀನು ಇರುವಲ್ಲಿ ಬಣ್ಣ ಮೂಡಿಸುವ ಪರೀಕ್ಷೆ) ಕೋಶದ ಸುತ್ತಲೂ ಪೆಟ್ಟಿಗೆಯ ಅಂಚಿನಂತೆ ಕಂದುಬಣ್ಣ ಮೂಡಿಸಿದರೆ, ಸಿಕೆ-7 ಸಾಮಾನ್ಯವಾಗಿ ಪ್ಯಾಪಿಲರಿ ಮತ್ತು ಕ್ರೋಮೋಫೋಬ್ ಗಡ್ಡೆಗಳಲ್ಲಿ ಹತ್ತುತ್ತದೆ. ಅಮೆರಿಕದ ಕ್ಯಾನ್ಸರ್ ನೋಂದಣಿಗಳ ಪ್ರಕಾರ ಕಪ್ಪು ಜನರಲ್ಲೂ ಕ್ಲಿಯರ್ ಸೆಲ್ ಹೆಚ್ಚಾಗಿದ್ದರೂ, ಪ್ಯಾಪಿಲರಿಯ ಪಾಲು ಬಿಳಿಯರಲ್ಲಿರುವುದಕ್ಕಿಂತ ಎದ್ದುಕಾಣುವಷ್ಟು ದೊಡ್ಡದು. ದೀರ್ಘಕಾಲದ ಕಿಡ್ನಿ ವೈಫಲ್ಯ ಅವರಲ್ಲಿ ಹೆಚ್ಚಾಗಿರುವುದು ಇದಕ್ಕೆ ಒಂದು ಕಾರಣವೆಂದು ತಜ್ಞರು ಎಣಿಸುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಇನ್ನೊಂದು, ಅಪರೂಪದ ಗಡ್ಡೆ. 1995ರಲ್ಲಿ ಅಮೆರಿಕದ ಸೇನಾ ರೋಗಶಾಸ್ತ್ರ ಸಂಸ್ಥೆಯ ಡೇವಿಸ್ ಮತ್ತು ಸಂಗಡಿಗರು, ಸಿಕಲ್ ಸೆಲ್ ರೋಗದ ವಾಹಕರಾದ (ಆ ವಂಶವಾಹಿಯ ಒಂದೇ ಪ್ರತಿ ಪಡೆದ) ಆಫ್ರಿಕನ್ ಮೂಲದ ಎಳೆಯರಲ್ಲಿ ಮತ್ತು ತರುಣರಲ್ಲಿ ಕಾಣಿಸಿಕೊಂಡು ಕೆಲವೇ ತಿಂಗಳಲ್ಲಿ ಜೀವ ತೆಗೆಯುತ್ತಿದ್ದ 'ಮೆಡುಲರಿ ಕಾರ್ಸಿನೋಮಾ'ವನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಮೆಡುಲಾ ಎಂಬ ಕಿಡ್ನಿಯ ಒಳಪದರದಲ್ಲಿ ಆಮ್ಲಜನಕ ಕಡಿಮೆ, ಲವಣಾಂಶ ಹೆಚ್ಚು; ಹೊರಗೆ ಆರೋಗ್ಯವಾಗಿಯೇ ಕಾಣುವ ವಾಹಕರ ಕೆಂಪು ರಕ್ತಕಣಗಳೂ ಅಲ್ಲಿ ಕುಡುಗೋಲಿನಂತೆ ಬಾಗುತ್ತವೆ. ನೈಜೀರಿಯಾದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ವಾಹಕರು. ಹಾಗಿದ್ದೂ ಈ ರೋಗಕ್ಕೆ ಹೆಸರು ಸಿಕ್ಕಿದ್ದು ವಾಷಿಂಗ್ಟನ್‌ನಲ್ಲಿ ಕೂಡಿಟ್ಟ ಸ್ಲೈಡುಗಳಿಂದ ಎಂಬುದು, ನನ್ನ ದೃಷ್ಟಿಯಲ್ಲಿ, ರೋಗ ಎಲ್ಲಿದೆ ಎಂಬುದಕ್ಕಿಂತ ಹುಡುಕುವ ಸೌಲಭ್ಯ ಎಲ್ಲಿತ್ತು ಎಂಬುದನ್ನು ಹೇಳುತ್ತದೆ.

ಈ ಗಡ್ಡೆಯ ಗುರುತು ಮೂಡುವ ಬಣ್ಣವಲ್ಲ, ಮೂಡದ ಬಣ್ಣ. ಆರೋಗ್ಯವಂತ ಕೋಶಗಳ ಕೇಂದ್ರದಲ್ಲೆಲ್ಲ ಇರುವ ಐಎನ್‌ಐ-1 ಪ್ರೋಟೀನು ಇದರಲ್ಲಿ ಇಲ್ಲವಾಗಿರುತ್ತದೆ. ಆದರೆ ಆ ಪ್ರೋಟೀನಿನ ಸ್ಟೇನ್ ಹಾಕಿದ ಸ್ಲೈಡಿನಲ್ಲಿ ಪಕ್ಕದ ರಕ್ತನಾಳದ ಮತ್ತು ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳ ಕೇಂದ್ರಗಳು ಕಂದಾಗಿದ್ದು, ಗಡ್ಡೆಯವು ಮಾತ್ರ ನೀಲಿಯಾಗಿ ಉಳಿದಿದ್ದರಷ್ಟೇ ಆ ತೀರ್ಮಾನಕ್ಕೆ ಬರಬಹುದು. ಅಂಗಾಂಶ ಸಕಾಲದಲ್ಲಿ, ಅದನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್‌ಗೆ ಬೀಳದಿದ್ದರೆ ಎರಡೂ ನೀಲಿಯಾಗಿಯೇ ಉಳಿದು, ಪರೀಕ್ಷೆ ವ್ಯರ್ಥವಾಗುತ್ತದೆ. ದೂರದ ಊರಿನಿಂದ ತಡವಾಗಿ ತಲುಪುವ ಮಾದರಿಗಳ ಕಷ್ಟ ಇದೇ. ತಪ್ಪಿನ ಬೆಲೆಯೂ ದೊಡ್ಡದು: ಕ್ಲಿಯರ್ ಸೆಲ್ ಗಡ್ಡೆಗೆ ಕೊಡುವ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ಪ್ಲಾಟಿನಂ ಆಧಾರಿತ ಕೀಮೋಥೆರಪಿಯನ್ನೇ ಮೊದಲು ಕೊಡಬೇಕಾಗುತ್ತದೆ.

ದುಬಾರಿ ಸ್ಟೇನ್ ಇಲ್ಲದ ಪ್ರಯೋಗಾಲಯದಲ್ಲೂ ಒಂದು ಸುಳಿವು ಸಿಗುತ್ತದೆ. ಎಲ್ಲೆಡೆ ಬಳಸುವ ಹಿಮಟಾಕ್ಸಿಲಿನ್-ಇಯೋಸಿನ್ ಬಣ್ಣದ ಸ್ಲೈಡಿನಲ್ಲೇ, ಗಡ್ಡೆಯ ನಡುವಿನ ರಕ್ತನಾಳಗಳೊಳಗೆ, ಬಾಗಿದ ಕೆಂಪುಕಣಗಳು ಅನೇಕ ವೇಳೆ ಕಾಣಸಿಗುತ್ತವೆ.