ನಾಲ್ಕು ಡಿಗ್ರಿಯ ಬಿಸಿನೀರು

ಸೈಕಲ್ ಟ್ಯೂಬಿನ ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದೆ. ಒತ್ತಿ ತುಂಬಿದ್ದ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ, ಅಷ್ಟೇ ವಿಷಯ. ಜನವರಿಯಲ್ಲಿ ಇಂಗ್ಲೆಂಡಿನ ಸ್ಟೋನಿ ಕೋವ್‌ಗೆ ಇಳಿಯುವ ಡೈವರ್‌ಗಳ ಜೀವಕ್ಕೆ ಸಂಚಕಾರ ತರಬಲ್ಲದ್ದೂ ಇದೇ.

ಸ್ಟೋನಿ ಕೋವ್ ಲೆಸ್ಟರ್‌ಶೈರ್‌ನ ಹಳೆಯ ಗ್ರಾನೈಟ್ ಕ್ವಾರಿ. ಕಲ್ಲು ತೆಗೆಯುವುದು ನಿಂತ ಮೇಲೆ ನೀರು ತುಂಬಿಕೊಂಡಿತು. ಆಳ ಸುಮಾರು 35 ಮೀಟರ್. ಡೈವರ್‌ಗಳು ನೋಡಲೆಂದೇ 2000ದಲ್ಲಿ ಸ್ಟೇನ್‌ಗಾರ್ತ್ ಎಂಬ ಟಗ್ ದೋಣಿಯನ್ನು ಅಲ್ಲಿ ಮುಳುಗಿಸಿದ್ದಾರೆ. ಕಂಡರೆ ಪುಣ್ಯ! ಯಾರದೋ ಕಾಲಿನ ಫಿನ್ ತಳಕ್ಕೆ ತಾಗಿ ಹೂಳೆದ್ದರೆ ಚಾಚಿದ ಕೈಯೂ ಕಾಣದು. ಟಾರ್ಚ್ ಹಾಕಿದರೆ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ, ಬೆಳಕೆಲ್ಲ ಕಣಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್. ನೇತ್ರಾಣಿಯ ಬೆಚ್ಚನೆಯ ಕಡಲಲ್ಲಿ ಕಲಿತವರಿಗೆ ಇದು ಬೇರೆಯೇ ಆಟ.

ನೀರು ಅತಿ ಭಾರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಕೆರೆಯ ಮೇಲೆ ಹಿಮ ಕಟ್ಟಿದರೂ ತಳದಲ್ಲಿ ಕೂತಿರುವುದು ಆ ನಾಲ್ಕು ಡಿಗ್ರಿಯ ನೀರೇ. ಮೈ ಚಳಿಗೆ ನೀರು ಒಳನುಗ್ಗದ ಡ್ರೈಸೂಟ್ ಇದೆ. ಸಿಲಿಂಡರ್‌ನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್‌ಗೆ ಏನಿದೆ?

ಸಿಲಿಂಡರ್‌ನಲ್ಲಿರುವುದು 200ಕ್ಕೂ ಹೆಚ್ಚು ಬಾರ್ ಒತ್ತಡದ ಗಾಳಿ. ಸಿಲಿಂಡರ್ ವಾಲ್ವ್ ಮೇಲೆ ಕೂರುವ, ರೆಗ್ಯುಲೇಟರ್‌ನ ಮೊದಲ ಭಾಗವಾದ ಫಸ್ಟ್ ಸ್ಟೇಜ್ ಅದನ್ನು ಒಂದೇ ಏಟಿಗೆ, ಸುತ್ತಲಿನ ನೀರಿನ ಒತ್ತಡಕ್ಕಿಂತ ಬರೀ 10 ಬಾರ್‌ನಷ್ಟು ಮೇಲಿರುವಂತೆ ಇಳಿಸುತ್ತದೆ. ಹಿಗ್ಗಿದ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗಿ ಲೋಹವನ್ನೂ ಕೊರೆಯುವಂತೆ ಮಾಡುತ್ತದೆ. ಅದಕ್ಕೆ ತಾಗಿದ ನೀರು ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆ ಸಿಕ್ಕಿಕೊಂಡು ರೆಗ್ಯುಲೇಟರ್ ಒಳಗಿನ ವಾಲ್ವ್ ತೆರೆದೇ ಉಳಿದರೆ ಗಾಳಿ ನಿಲ್ಲುವುದಿಲ್ಲ, ಭೋರ್ಗರೆದು ನುಗ್ಗುತ್ತದೆ. ಡೈವರ್‌ಗಳ ಬಾಯಲ್ಲಿ ಇದು ಫ್ರೀ ಫ್ಲೋ. ಗಾಳಿ ಹರಿದಷ್ಟೂ ಚಳಿ, ಚಳಿಯಾದಷ್ಟೂ ಮಂಜುಗಡ್ಡೆ. ತುಂಬಿದ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದು. ಮೊದಲೇ ರಾಡಿಯಾದ ನೀರಲ್ಲಿ ಈಗ ಗುಳ್ಳೆಗಳ ಪರದೆ ಬೇರೆ. ಗಾಳಿ ಎಷ್ಟು ಉಳಿದಿದೆ ಎಂದು ತೋರುವ ಗೇಜ್ ಕಾಣದು, ಜೊತೆಗಾರ ಕಾಣ.

ಕಂಡರೂ ಕಷ್ಟವೇ. ಗಾಬರಿಯಲ್ಲಿ ಇಬ್ಬರು ಒಂದೇ ಫಸ್ಟ್ ಸ್ಟೇಜ್‌ನಿಂದ ಉಸಿರೆಳೆದರೆ ಹರಿವು ದುಪ್ಪಟ್ಟಾಗಿ ಅದೂ ಹೆಪ್ಪುಗಟ್ಟಬಹುದು. ಅದಕ್ಕೇ ಪಳಗಿದವರು ಎರಡು ವಾಲ್ವ್, ಎರಡು ಫಸ್ಟ್ ಸ್ಟೇಜ್ ಕಟ್ಟಿಕೊಂಡು ಇಳಿಯುತ್ತಾರೆ. ದಡದ ಹಿಮಗಾಳಿಯಲ್ಲಿ ರೆಗ್ಯುಲೇಟರ್ ಕಚ್ಚಿ ಉಸಿರಾಡಿ ನೋಡುವ ಚಟವನ್ನೂ ಬಿಟ್ಟಿರುತ್ತಾರೆ. ಉಸಿರಿನ ತೇವ ಒಳಗೇ ಗಟ್ಟಿಯಾದೀತು.

ಕೈಕೊಟ್ಟ ಫಸ್ಟ್ ಸ್ಟೇಜ್ ಕೂತಿರುವ ಸಿಲಿಂಡರ್ ವಾಲ್ವ್ ಮುಚ್ಚಿ, ಇನ್ನೊಂದರಲ್ಲಿ ಉಸಿರಾಡುತ್ತ ಸ್ವಲ್ಪ ಕಾದರೆ ಮಂಜುಗಡ್ಡೆ ಕರಗುತ್ತದೆ. ಕರಗಿಸುವುದು ಸುತ್ತಲಿನ ನೀರೇ. ನಮ್ಮ ಹಲ್ಲು ಕಟಕಟಿಸುವ ಆ ನೀರು, ಆ ಲೋಹದ ಪಾಲಿಗೆ ಬಿಸಿನೀರು. ಚಳಿನೀರಿನ ಎಷ್ಟೋ ರೆಗ್ಯುಲೇಟರ್‌ಗಳಿಗೆ ಬೈಕ್ ಎಂಜಿನ್ನಿಗಿರುವಂಥ ಲೋಹದ ಪಟ್ಟಿಗಳಿರುವುದು ಇದಕ್ಕೇ. ಎಂಜಿನ್ನಿನವು ಬಿಸಿಯನ್ನು ಹೊರಗೆ ಚೆಲ್ಲುತ್ತವೆ, ಇವು ನೀರಿನಿಂದ ಹೀರಿಕೊಳ್ಳುತ್ತವೆ.