ನಾಯಿಯ ಲಸಿಕೆಗೆ ದುಡ್ಡು ಯಾರು ಕೊಡಬೇಕು?

‘ನಾಯಿ ಸಾಕೋಕೆ ಆಗತ್ತೆ, ಲಸಿಕೆಗೆ ನಾಲ್ಕು ಕಾಸು ಬಿಚ್ಚೋಕೆ ಆಗಲ್ವಾ?’ ರೇಬೀಸ್ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ಬುದ್ಧಿಮಾತೂ ಅದರ ಹಿಂದೆಯೇ ಬರುತ್ತದೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ಚಾಡ್ ದೇಶದ ರಾಜಧಾನಿ ಎನ್‌ಜಮೇನಾ ನೋಡಿ. 2002ರಲ್ಲಿ ಅಲ್ಲಿನ ಕೆಲವು ಬಡಾವಣೆಗಳಲ್ಲಿ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕಿದಾಗ ಶೇ 64ರಿಂದ 87ರಷ್ಟು ನಾಯಿಗಳಿಗೆ ಅದು ತಲುಪಿತು. 2006ರಲ್ಲಿ ಅದೇ ನಗರದಲ್ಲಿ ಮಾಲೀಕರಿಂದ ಹಣ ಪಡೆದು ನೋಡಿದರು. ತಲುಪಿದ್ದು ಶೇ 24. ನಾಲ್ಕು ವರ್ಷದಲ್ಲಿ ಜನರಿಗೆ ನಾಯಿಯ ಮೇಲಿನ ಅಕ್ಕರೆ ಕರಗಿ ಹೋಯಿತೆಂದು ಯಾರಾದರೂ ಹೇಳಿಯಾರೇ?

ನಾಯಿಗಾಗಿ ಏನಾದರೂ ಮಾಡಬೇಕೆಂಬ ಆಸೆ ಮನುಷ್ಯನಿಗೆ ಹಳೆಯದು. ನಾಯಿಯ ನಾಲಿಗೆಯಡಿ ಒಂದು ಹುಳು ಇದೆ, ಮರಿಯಿದ್ದಾಗಲೇ ಅದನ್ನು ತೆಗೆದರೆ ಹುಚ್ಚು ಹಿಡಿಯುವುದಿಲ್ಲ ಎಂದು ಒಂದನೇ ಶತಮಾನದಲ್ಲೇ ರೋಮಿನ ಲೇಖಕ ಪ್ಲಿನಿ ಬರೆದಿಟ್ಟ. ಅದು ಹುಳುವಲ್ಲ, ನಾಲಿಗೆಗೆ ಆಧಾರವಾಗಿರುವ ಒಂದು ನಾರಿನ ಎಳೆ. ಆದರೂ ಅದನ್ನು ಕೊಯ್ಯುವ ರೂಢಿ ನೂರಾರು ವರ್ಷ ನಡೆಯಿತು. ಕೊಯ್ದ ಮೇಲೆ ಧೈರ್ಯವಾಗಿದ್ದವರನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಲಕ್ಷಣ ಕಾಣಿಸಿಕೊಂಡ ರೇಬೀಸಿನಿಂದ ಉಳಿದವರು ಬೆರಳೆಣಿಕೆಯಷ್ಟು ಮಂದಿ.

ಸಮೀಕ್ಷೆಯವರು ಮನೆ ಬಾಗಿಲಲ್ಲಿ ನಿಂತು ‘ಲಸಿಕೆಗೆ ಇಷ್ಟಾದರೆ ಕೊಡುತ್ತೀರಾ? ಇನ್ನಷ್ಟಾದರೆ?’ ಎಂದು ಕೇಳುತ್ತಾರೆ. ಬಾಯಲ್ಲಿ ಒಪ್ಪಿದ ಮೊತ್ತವೆಲ್ಲ ಜೇಬಿನಿಂದ ಹೊರಬರುವುದಿಲ್ಲ. ಕೇಳದೇ ಉಳಿದ ಬೆಲೆಯೂ ಇದೆ: ನಾಯಿಯನ್ನು ಲಸಿಕೆ ಕೇಂದ್ರದ ತನಕ ಒಯ್ಯುವ ಕಷ್ಟ. ಹುಟ್ಟಿದಾಗಿನಿಂದ ಕೊರಳಿಗೆ ಹಗ್ಗ ಕಾಣದ ನಾಯಿ ಅದು. ಕಟ್ಟಿ ಎಳೆದರೆ ನಾಲ್ಕೂ ಕಾಲು ನೆಲಕ್ಕೆ ಊರಿ ಕುಳಿತುಬಿಡುತ್ತದೆ, ದಾರಿಯುದ್ದಕ್ಕೂ ಬೇರೆ ನಾಯಿಗಳು ಮೇಲೆ ಬೀಳುತ್ತವೆ. ಅರ್ಧ ದಿನದ ಕೂಲಿ ಹೋಯಿತು. ಮನೆಯಲ್ಲಿ ಮೂರು ನಾಯಿಗಳಿದ್ದರೆ ಶುಲ್ಕವೂ ಮೂರು ಪಟ್ಟು. ಮಲಾವಿ ದೇಶದ ಬ್ಲಾಂಟೈರ್‌ನಲ್ಲಿ ಲಸಿಕೆ ಉಚಿತವಾಗಿದ್ದಾಗಲೂ ಕೇಂದ್ರ ದೂರವಾದಷ್ಟೂ ಬರುವವರು ಕಡಿಮೆಯಾದರು.

ಹಾಗಿದ್ದರೆ ಎಷ್ಟು ನಾಯಿಗೆ ಹಾಕಿದರೆ ಸಾಕು? ನನಗೆ ಬಹಳ ಇಷ್ಟವಾದ ಲೆಕ್ಕ ಇದು. ದಡಾರ ಹಿಡಿದ ಒಬ್ಬ ಹನ್ನೆರಡು-ಹದಿನೆಂಟು ಜನರಿಗೆ ಅಂಟಿಸಬಲ್ಲ. ರೇಬೀಸ್ ಹಿಡಿದ ನಾಯಿ ಸರಾಸರಿ ಅಂಟಿಸುವುದು ಎರಡಕ್ಕಿಂತ ಕಡಿಮೆ ನಾಯಿಗಳಿಗೆ. ಒಣ ಹುಲ್ಲಿನ ನಡುವೆ ಅಲ್ಲಲ್ಲಿ ಹಸಿ ಹುಲ್ಲು ಇದ್ದರೂ ಆರಿಹೋಗುವ ಬಡ ಬೆಂಕಿಯಿದು. ಅರ್ಧದಷ್ಟು ನಾಯಿಗಳಿಗೆ ರಕ್ಷಣೆ ಇದ್ದರೂ ಸಾಕೆನ್ನುತ್ತದೆ ಗಣಿತ. ಆದರೂ ಗುರಿ ಶೇ 70. ಯಾಕೆಂದರೆ ಬಿಂದಿಗೆ ಸೋರುತ್ತದೆ. ಲಸಿಕೆ ಪಡೆದ ನಾಯಿಗಳು ಸಾಯುತ್ತವೆ, ಪಡೆಯದ ಮರಿಗಳು ಹುಟ್ಟುತ್ತವೆ. ಬೆಳಗಿನ ತನಕ ಉರಿಯಬೇಕಾದ ದೀಪಕ್ಕೆ ಸಂಜೆಯೇ ತುಂಬ ಎಣ್ಣೆ ಹೊಯ್ಯುವಂತೆ, ಮುಂದಿನ ವರ್ಷದ ಅಭಿಯಾನದ ತನಕ ತಳ ಕಾಣದಷ್ಟು ಈಗಲೇ ತುಂಬಿಸಬೇಕು. ಮರಿಗಳಿಗೆ ಚುಚ್ಚಬಾರದು ಎಂಬ ನಂಬಿಕೆ ಇಲ್ಲಿ ದೊಡ್ಡ ತೂತು. ಮೂರು ತಿಂಗಳಿಗಿಂತ ಚಿಕ್ಕ ಮರಿಗಳಿಗೂ ಹಾಕಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಶೇ 24 ಈ ಬಿಂದಿಗೆಯಲ್ಲಿ ನಿಲ್ಲುವ ನೀರಲ್ಲ. ಶುಲ್ಕ ಕೊಟ್ಟ ಮಾಲೀಕ ಕೊಂಡದ್ದಾದರೂ ಏನು? ಬಹುಪಾಲು ಪಕ್ಕದ ಮನೆಯ ಮಗುವಿನ ಸುರಕ್ಷತೆ. ವರ್ಷಕ್ಕೆ ಸುಮಾರು 59,000 ಜನ ರೇಬೀಸಿಗೆ ಬಲಿಯಾಗುತ್ತಾರೆಂಬ ಅಂದಾಜಿದೆ. ಅವರಲ್ಲಿ ಸುಮಾರು ಶೇ 40 ಮಂದಿ 15 ವರ್ಷದೊಳಗಿನ ಮಕ್ಕಳು. ಆ ಬಿಲ್ಲನ್ನು ನಾಯಿ ಸಾಕಿದ ಬಡವನೊಬ್ಬನ ಕೈಗಿಡುವುದು ನ್ಯಾಯವಲ್ಲ. ಕಚ್ಚಿಸಿಕೊಂಡವರ ಚಿಕಿತ್ಸೆಗೆ ಆಗುವ ಖರ್ಚಿನ ಮುಂದೆ ನಾಯಿಗೆ ಹಾಕುವ ಒಂದು ಡೋಸ್ ಏನೇನೂ ಅಲ್ಲ.

ಎನ್‌ಜಮೇನಾದಲ್ಲಿ 2012 ಮತ್ತು 2013ರಲ್ಲಿ ನಗರದುದ್ದಕ್ಕೂ ಮತ್ತೆ ಉಚಿತ ಲಸಿಕೆ ಹಾಕಿದರು. ಎರಡೂ ವರ್ಷ ಶೇ 70 ದಾಟಿತು, ತಿಂಗಳುಗಟ್ಟಲೆ ನಾಯಿಯಿಂದ ನಾಯಿಗೆ ಹರಡುವುದು ನಿಂತೇಹೋಯಿತು. ಆಮೇಲೆ ರೋಗ ಮರಳಿತು. ನಗರದ ಹೊರಗಿನಿಂದ ಬಂದ ನಾಯಿಗಳ ಜೊತೆ ಬಂದಿರಬೇಕೆಂದು ಸಂಶೋಧಕರು ಲೆಕ್ಕ ಹಾಕಿದರು. ಆ ನಾಯಿಗಳ ಊರುಗಳಿಗೆ ಅಭಿಯಾನ ಹೋಗಿರಲಿಲ್ಲ.